ಡಾಕ್ಟರು ಕೊಂಡ ಹಳೆಯ ರೈಫಲ್

ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಕೊಡಗಿನ ಡಾಕ್ಟರು ನಿವೃತ್ತರಾದ ಮೇಲೆ ಬಂದೂಕಿನಂಗಡಿಗೆ ಹೋಗುವುದನ್ನು ರೂಢಿ ಮಾಡಿಕೊಂಡರು. ಕಾರು ಓಡಿಸುವವನು ನಾನು. ಹೆಸರುವಾಸಿ ಬೇಟೆ ರೈಫಲ್‌ಗಳ ಸೆಕೆಂಡ್ ಹ್ಯಾಂಡ್ ಬೆಲೆ ಕೇಳಿ, ನಳಿಗೆಯೊಳಗೆ ಇಣುಕಿ ನೋಡಿ, ಕನ್ನಡದಲ್ಲಿ ನನಗೆ ಹೇಳುತ್ತಿದ್ದರು: “ಹೆಸರಿಗೆ ದುಡ್ಡು ಕೇಳ್ತಿದ್ದಾನೆ, ಕೋವಿಗಲ್ಲ.”

ಕೋವಿಯ ಲೈಸೆನ್ಸ್ ಕೈಗೆ ಬಂದ ಮೇಲೆ ಒಂದು ದಿನ, ಮರದ ಹಿಡಿ ಸವೆದಿದ್ದ ರೈಫಲೊಂದನ್ನು ಭುಜಕ್ಕೇರಿಸಿದವರು ಬಹಳ ಹೊತ್ತು ಇಳಿಸಲೇ ಇಲ್ಲ. ಕೇಳಿದ ಬೆಲೆಯನ್ನೇ ಕೊಟ್ಟರು.

“ಜಾಸ್ತಿಯಾಯ್ತಲ್ವಾ ಡಾಕ್ಟ್ರೇ?” ಎಂದೆ.

“ಆಯ್ತು. ಅಪ್ಪನ ಕೋವಿನೂ ಇಷ್ಟೇ ಭಾರ ಇತ್ತು” ಎಂದರು.

ಆ ಚಳಿಗಾಲ ಲೀಡ್ಸ್ ಆಚೆ, ದುಡ್ಡು ಕಟ್ಟಿದವರಿಗೆ ಬೇಟೆಯಾಡಲು ಬಿಡುವ ಎಸ್ಟೇಟೊಂದರಲ್ಲಿ, ಗೈಡ್ ತೋರಿಸಿದ ಜಿಂಕೆಯನ್ನು ಒಂದೇ ಗುಂಡಿಗೆ ಹೊಡೆದರು. ಗೈಡ್ ಕೈಕುಲುಕಿದ. ಡಾಕ್ಟರು ಹಿಂದಿನ ಖಾಲಿ ಬಯಲನ್ನು ನೋಡುತ್ತ ನಿಂತರು. “ಊರಲ್ಲಾಗಿದ್ರೆ ಈಗ ಎಲ್ಲರೂ ಕೂಗ್ತಾ ಓಡಿ ಬರ್ತಿದ್ರು” ಎಂದರು.

ಮನೆಗೆ ತಂದ ಮಾಂಸವನ್ನು ಅಡುಗೆಮನೆಯ ಮೇಜಿನ ಮೇಲೆ ಪಾಲು ಹಾಕಿದರು. ಒಂದನ್ನು ಕಾಗದದಲ್ಲಿ ಸುತ್ತಿ ನನ್ನ ಕೈಗಿಟ್ಟರು.

“ನಾನು ತಿನ್ನಲ್ಲ ಡಾಕ್ಟ್ರೇ.”

“ಗೊತ್ತು. ಬೇಟೆಗೆ ಜೊತೆ ಬಂದವರಿಗೆಲ್ಲ ಪಾಲು ಇರುತ್ತೆ. ತಗೊಳ್ಳಿ.”

ಎರಡೂ ಕೈಯಲ್ಲಿ ತೆಗೆದುಕೊಂಡೆ. ಮೇಜಿನ ಮೇಲೆ ಇನ್ನೂ ಏಳೆಂಟು ಪಾಲುಗಳಿದ್ದವು. ಅವು ಯಾರಿಗೆಂದು ಕೇಳಿದೆ. ಹುಡುಗರಾಗಿದ್ದಾಗ ತಮ್ಮ ಜೊತೆ ಕಾಡಿಗೆ ಬರುತ್ತಿದ್ದವರ ಹೆಸರುಗಳನ್ನು ಅವರು ಒಂದೊಂದಾಗಿ ಹೇಳುತ್ತ, ಒಂದೊಂದು ಪಾಲನ್ನೂ ಬೇರೆ ಬೇರೆಯಾಗಿ ಸುತ್ತಿ ಫ್ರೀಜರಿನಲ್ಲಿಟ್ಟರು.