ರಾಹುಕಾಲದಲ್ಲಿ ತಳ ಸೇರಿದ ಕಡ್ಡಿ

ಡಿಪ್ಲೊಮಾ ಮುಗಿಸಿ ನಂಜನಗೂಡಿನ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಅಲ್ಯೂಮಿನಿಯಂ ಎರಕದ ಶೆಡ್ಡಿಗೆ ನಾನು ಸೇರಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಟಿ. ನರಸೀಪುರದಿಂದ ದಿನಾ ಬಸ್ಸಿನಲ್ಲಿ ನೇತಾಡಿಕೊಂಡು ಬಂದು, ಕ್ವಾಲಿಟಿ ಇನ್ಸ್‌ಪೆಕ್ಟರ್ ಅಂತ ಜೇಬಿಗೆ ಎರಡು ಪೆನ್ನು ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಜಂಭಕ್ಕೇನೂ ಕೊರತೆ ಇರಲಿಲ್ಲ. ಕೆಲಸ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ.

ಒಲೆಯ ಉಸ್ತುವಾರಿ ಪಕ್ಕದ ಹೆಡತಲೆ ಊರಿನ ಮೇಸ್ತ್ರಿಯದು. ಕರಗಿದ ಅಲ್ಯೂಮಿನಿಯಂ ಸುಮ್ಮನೆ ಆರಿದರೆ ಒಳಗಿನ ಹರಳು ಕಲ್ಲುಪ್ಪಿನಷ್ಟು ದಪ್ಪಗಾಗಿ ಎರಕ ಬಿರುಕು ಬಿಡುತ್ತದೆ. ಹರಳು ಸಣ್ಣಗಾಗಲಿ ಅಂತ ಟೈಟಾನಿಯಂ, ಬೋರಾನ್ ಬೆರೆಸಿದ ಸರಳನ್ನು ತುಂಡು ಮಾಡಿ ಮೂಸೆಗೆ ಹಾಕಿ ಕಲಕಬೇಕು. ನಮ್ಮವರು ಅದಕ್ಕೆ 'ಕಡ್ಡಿ' ಅನ್ನುತ್ತಿದ್ದರು. ಕಡ್ಡಿ ಹಾಕಿದ ಮೇಲೆ ಬೇಗ ಸುರಿಯಬೇಕು. ತಡ ಮಾಡಿದರೆ ಅದರ ಕಣಗಳೆಲ್ಲ ತಳ ಸೇರಿ ಕೂರುತ್ತವೆ. ಇದು ಪುಸ್ತಕದಲ್ಲಿತ್ತು, ನಾನು ಓದಿದ್ದೆ.

ಅವತ್ತು ಶುಕ್ರವಾರ, ಹೊಸ ಆರ್ಡರಿನ ಪಂಪ್ ಬಾಡಿಗಳ ಮೊದಲ ಎರಕ. ಮೇಸ್ತ್ರಿ ಕಡ್ಡಿ ಹಾಕಿ ಕಲಕಿ ಸೌಟು ಎತ್ತುವುದಕ್ಕೂ ಹಣೆತುಂಬ ವಿಭೂತಿಯ ಸಾಹುಕಾರರು ಒಳಗೆ ಬರುವುದಕ್ಕೂ ಸರಿಹೋಯಿತು. ಗಡಿಯಾರ ನೋಡಿದರು, ಹತ್ತೂವರೆ.

"ರಾಹುಕಾಲ ಕಣ್ರಯ್ಯಾ! ಮೊದಲ್ನೇ ಎರಕ ಈಗ್ಲೇನ್ರೋ ಹುಯ್ಯೋದು? ಹನ್ನೆರಡು ಹೊಡೀಲಿ."

"ಕಡ್ಡಿ ಆಕ್ಬುಟ್ಟಿವ್ನಿ ಸಾವ್ಕಾರ್ರೆ," ಎಂದ ಮೇಸ್ತ್ರಿ.

"ಹಾಕಿದ್ರೆ ಎಲ್ಲೋಯ್ತದೆ? ಮೂಸೇಲೇ ಇರ್ತದೆ."

ಬೇಗ ಸುರಿಯಬೇಕು ಅಂತ ಮೇಸ್ತ್ರಿಗೂ ರೂಢಿಯಿಂದ ಗೊತ್ತಿತ್ತು; ಕಡ್ಡಿ ಎಲ್ಲಿಗೆ ಹೋಗುತ್ತದೆ ಅಂತ ಆ ಶೆಡ್ಡಿನಲ್ಲಿ ಗೊತ್ತಿದ್ದವನು ನಾನೊಬ್ಬನೇ. ಬಾಯಿ ಬಿಡಲಿಲ್ಲ. ಸಾಹುಕಾರರಿಗೂ ರಾಹುವಿಗೂ ನಡುವೆ ತಲೆಹಾಕಿ ಕೆಲಸ ಕಳೆದುಕೊಳ್ಳುವ ಉಮೇದು ನನಗಿರಲಿಲ್ಲ. ಹೋಗಿ ಎರಡು ಸಲ ಟೀ ಕುಡಿದೆ.

ಹನ್ನೆರಡಕ್ಕೆ ಕಾಯಿ ಒಡೆದು ಸುರಿದರು. ಅಚ್ಚಿನಿಂದ ಬಿಚ್ಚಿದ ಮೊದಲ ಆರು ಬಾಡಿಗೂ ಕುತ್ತಿಗೆಯಲ್ಲಿ ಬಿರುಕು. ಸಾಹುಕಾರರು ಮೇಸ್ತ್ರಿಯ ಮೇಲೆ ಹಾರಾಡಿದರು.

"ಕಡ್ಡೀನೇ ಹಾಕಿಲ್ಲ ಕಣೋ ನೀನು! ನನ್ನ ಮುಂದೇನೇ ಸುಳ್ಳು ಬೊಗಳ್ತೀಯಾ? ನಾಳೆಯಿಂದ ಬರಬ್ಯಾಡ, ನಡಿ."

ಹನ್ನೊಂದು ವರ್ಷ ಆ ಒಲೆಯ ಮುಂದೆ ಬೆಂದವನು ಕೈಗವಸು ಬಿಚ್ಚತೊಡಗಿದ. ನಾನು ಮುಂದೆ ಬಂದೆ. ಹೆದರುತ್ತಲೇ ಹೇಳಿದೆ, "ಸಾರ್, ಮೂಸೆಯಲ್ಲಿ ಇನ್ನೂ ಅರ್ಧ ಉಳಿದಿದೆ. ಕಡ್ಡಿ ತಳ ಸೇರಿರಬೇಕು, ತಳದಿಂದ ಕಲಕಿಸಿ ನೋಡೋಣ."

ಕಲಕುವ ಮೊದಲು ಒಂದು ಬಿಲ್ಲೆ, ಕಲಕಿದ ಮೇಲೆ ಒಂದು ಬಿಲ್ಲೆ ಎರಕ ಹೊಯ್ಯಿಸಿದೆ. ಎರಡನ್ನೂ ಕೊಯ್ದು, ನುಣ್ಣಗೆ ಉಜ್ಜಿ, ಆಸಿಡ್ ಸವರಿ ಬಿಸಿಲಿಗೆ ಹಿಡಿದೆ. ಮೊದಲನೆಯದರಲ್ಲಿ ಹರಳು ಢಾಳಾಗಿ ಕಾಣುತ್ತಿತ್ತು. ಎರಡನೆಯದು ಚಿರೋಟಿ ರವೆ. ಹಾಕದ ಕಡ್ಡಿ ತಳದಿಂದ ಎದ್ದು ಬರುವುದಾದರೂ ಹೇಗೆ? ಸಾಹುಕಾರರು ಎರಡನ್ನೂ ತಿರುಗಿಸಿ ಮುರುಗಿಸಿ ನೋಡಿ, "ಸರಿ, ಇನ್ಮೇಲೆ ರಾಹುಕಾಲ ಮುಗಿದ್ಮೇಲೇ ಕಡ್ಡಿ ಹಾಕಿ" ಅಂತ ಅಪ್ಪಣೆ ಕೊಡಿಸಿ ಊಟಕ್ಕೆ ಹೊರಟರು. ತಪ್ಪಾಯ್ತು ಗಿಪ್ಪಾಯ್ತು ಅನ್ನುವ ಮಾತೇ ಇಲ್ಲ. ಅಂತೂ ಮೇಸ್ತ್ರಿಯ ಕೆಲಸ ಉಳಿಯಿತು.

ನಾನು ಬೀಗುತ್ತಾ ಅವನ ಹತ್ತಿರ ಹೋದೆ. ನಾಲ್ಕು ಹೊಗಳಿಕೆಯ ಮಾತು ಬೇಕಿತ್ತು ನನಗೆ, ನಾಚಿಕೆಗೆಟ್ಟವನಿಗೆ. ಅವನು ಕೈಗವಸು ಹಾಕಿಕೊಳ್ಳುತ್ತಿದ್ದ.

"ತಳಕ್ಕೋಯ್ತದೆ ಅಂತ ಅತ್ತೂವರೆಗೇ ಗೊತ್ತಿತ್ತಾ ಸಾ ನಿಮ್ಗೆ?"

"ಗೊತ್ತಿತ್ತು."

"ಊಂ," ಅಂದು ಒಲೆಯ ಕಡೆ ತಿರುಗಿದ.

ಆಮೇಲೆ ಮೂರು ವರ್ಷ ಒಂದೇ ಶೆಡ್ಡಿನಲ್ಲಿ ಕೆಲಸ ಮಾಡಿದೆವು. ಅವನು ಮತ್ತೆಂದೂ ನನ್ನನ್ನು ಏನನ್ನೂ ಕೇಳಲಿಲ್ಲ.