ಸಾವಿರ ವರ್ಷದ ಕಲ್ಲು

ಕಲ್ಲಿನಲ್ಲಿ ಹೆಸರು ಕೆತ್ತುವ ಅಕ್ಕನ ಕಿವಿ ಬಲು ಚುರುಕು. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಒಳಗೆ ಬಿರುಕಿದ್ದರೆ ಡಬ್ ಎನ್ನುತ್ತದೆ. ಕ್ವಾರಿಯಲ್ಲಿ ದುಡಿಯುತ್ತಿದ್ದ ಅವಳ ತಮ್ಮ ಒಮ್ಮೆ ಆ ಡಬ್ ಸದ್ದು ಕೇಳಿ, ಬಂಡೆ ಬೀಳುತ್ತದೆಂದು ಧಣಿಗೆ ಹೇಳಿದ್ದ. ಧಣಿ ಗದರಿಸಿ ಅವನನ್ನು ಅದರ ಕೆಳಗೇ ಕೆಲಸಕ್ಕೆ ಇಳಿಸಿದ. ಸಂಜೆ ಮನೆಗೆ ಬಂದದ್ದು ತಮ್ಮನ ಹೆಣ.

ಒಂಬತ್ತು ವರ್ಷದ ಮೇಲೆ ಅದೇ ಧಣಿ ಅವಳ ಅಂಗಡಿಗೆ ಬಂದ. ಅವಳು ಯಾರ ಅಕ್ಕನೆಂಬುದು ಅವನಿಗೆ ಗೊತ್ತಿರಲಿಲ್ಲ.

"ಹಳೇ ಕಾಲದ ರಾಜರು ಅಮೃತ ಹುಡುಕ್ಕೊಂಡು ಅಲೆದ್ರಂತೆ, ಪೆದ್ದರು! ನಂಗೊಂದು ಕಲ್ಲು ಸಾಕಮ್ಮ. ಹೆಸರು ಸಾವಿರ ವರ್ಷ ಇರ್ಬೇಕು."

ಅಕ್ಕ ಹಲ್ಲು ಕಚ್ಚಿಕೊಂಡು ನಕ್ಕಳು. ಅವನೆದುರೇ ಒಂದೊಂದು ಕಲ್ಲನ್ನೂ ತಟ್ಟಿ, ಡಬ್ ಎಂದದ್ದನ್ನೇ ಆರಿಸಿದಳು. ಕ್ವಾರಿ ನಡೆಸಿಯೇ ತಲೆ ನರೆತಿದ್ದರೂ ಆ ಸದ್ದಿನ ಅರ್ಥ ತಿಳಿಯದೆ ಧಣಿ ತಲೆದೂಗಿದ.

ಎರಡನೇ ಮಳೆಗಾಲಕ್ಕೆ ಕಲ್ಲು ಸೀಳಿಹೋಗಿ, ಕೆತ್ತಿದ ಹೆಸರು ಚೂರುಚೂರಾಗಿ ಉದುರಿತು. ಧಣಿ ಕೋಲೂರಿಕೊಂಡು ಬಂದು ಕೂಗಾಡಿದ. "ನಾನಿನ್ನೂ ಬದುಕಿದೀನಿ, ನನ್ನ ಹೆಸರೇ ಹೋಯ್ತಲ್ಲೇ!"

ಅಕ್ಕ ಉಳಿಯಿಂದ ಕಣ್ಣೆತ್ತಲಿಲ್ಲ.

"ಡಬ್ ಅನ್ನೋ ಕಲ್ಲು ಬೀಳುತ್ತೆ ಅಂತ ನನ್ನ ತಮ್ಮ ನಿಮಗೆ ಅವತ್ತೇ ಹೇಳಿದ್ನಲ್ಲ, ಧಣಿ."