ಚುಕ್ಕೆ ಇಟ್ಟ ಮೊಟ್ಟೆ

ಏಪ್ರಿಲ್ ಇಪ್ಪತ್ತೊಂಬತ್ತರ ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಬೊಳ್ಳಪ್ಪ ತೀರಿಕೊಂಡ. ಅರವತ್ತಮೂರು ವರ್ಷ. ಮರದಿಂದ ಬಿದ್ದದ್ದಲ್ಲ; ಸುದ್ದಿ ತಿಳಿದವರೆಲ್ಲ ಮೊದಲು ಕೇಳಿದ್ದು ಅದನ್ನೇ. ಕೆಳಗಿಳಿದ ಮೇಲೆ, ಏಣಿಯ ಪಕ್ಕ ಕೂತಲ್ಲೇ ಹೃದಯ ನಿಂತಿತು.

ಮೂರ್ನಾಡಿನ ಸುತ್ತಲಿನ ಕಾಫಿ ತೋಟಗಳಲ್ಲಿ ಅವನದು ಮರಗಸಿಯ ಕೆಲಸ. ಕಾಫಿ ಅರಳಿಸುವ ಹೂಮಳೆ ಮುಗಿದು ಮುಂಗಾರು ಹಿಡಿಯುವುದರೊಳಗೆ ನೆರಳಿನ ಮರಗಳನ್ನು ಹತ್ತಿ, ಕೊಂಬೆ ಸವರಿ, ಕಾಫಿ ಗಿಡಕ್ಕೆ ಬೆಳಕು ಬಿಡಬೇಕು. ಹಕ್ಕಿಗಳು ಗೂಡು ಕಟ್ಟುವುದೂ ಆಗಲೇ. ಉಳಿದವರು ಕೂಗಿನಿಂದಷ್ಟೇ ಬಲ್ಲ ಹಕ್ಕಿಗಳ ಸಂಸಾರವನ್ನು ನಮ್ಮ ಬೊಳ್ಳಪ್ಪ ಮೂವತ್ತು ವರ್ಷ ಕೈಯಳತೆಯಲ್ಲಿ ನೋಡಿದ್ದ.

ಆ ತಿಂಗಳುಗಳಲ್ಲಿ ಚಾಣ ಕೋಗಿಲೆ ಮೂರು ಸ್ವರದಲ್ಲಿ ಕೂಗುತ್ತದೆ, ಪ್ರತಿ ಸಲವೂ ದನಿಯನ್ನು ಇನ್ನಷ್ಟು ಏರಿಸುತ್ತಾ. ಅದು ತನಗೆ "ಹತ್-ಬೇ-ಡಾ" ಎನ್ನುತ್ತದೆ ಎಂದು ಬೊಳ್ಳಪ್ಪನ ದೂರು. ಕಡಿದ ಕೊಂಬೆ ಒಟ್ಟುವ, ಕೂಲಿ ಲೈನಿನ ಚಲುವಮ್ಮ ಒಪ್ಪುತ್ತಿರಲಿಲ್ಲ.

"ನಿಮ್ಗೆ ಹೆದ್ರಿಕೆ ಅಣ್ಣ, ಅದ್ಕೆ ಹಂಗೆ ಕೇಳ್ತದೆ. ನಂಗೆ 'ಚಾ-ಕು-ಡೀ' ಅಂತದೆ."

ಈ ಕೋಗಿಲೆ ಗೂಡು ಕಟ್ಟುವುದಿಲ್ಲ. ಬೂದು ಬಣ್ಣದ ಹರಟೆಮಲ್ಲಗಳು ಏಳೆಂಟು ಒಟ್ಟಿಗೆ ಕಚಪಚ ಎನ್ನುತ್ತಾ ಬದುಕುತ್ತವಲ್ಲ, ಅವುಗಳ ಗೂಡಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ. ಅವುಗಳ ಮೊಟ್ಟೆ ನೀಲಿ, ಇದರದ್ದೂ ನೀಲಿ. ಬೊಳ್ಳಪ್ಪನಿಗೆ ಇದು ದೊಡ್ಡ ಅನ್ಯಾಯವಾಗಿ ಕಂಡಿತ್ತು. ಗೂಡು ಸಿಕ್ಕಿದಲ್ಲೆಲ್ಲ ಇದ್ದುದರಲ್ಲೇ ದೊಡ್ಡ ಮೊಟ್ಟೆಯನ್ನು ಕಳ್ಳನದ್ದೆಂದು ಎತ್ತಿ ಎಸೆಯುತ್ತಿದ್ದ. ಸಂಜೆ ಮನೆಗೆ ಹೋಗಿ, ಇವತ್ತು ಎರಡು ಗೂಡು ಉಳಿಸಿದೆ ಎಂದು ಹೆಂಡತಿ ಯಮುನಳಿಗೆ ಹೇಳುವನು.

ತೋಟದಲ್ಲಿ ಹಾಜರಿ ಬರೆಯುವ ರೈಟರ್ ಪ್ರಸಾದ್ ಶನಿವಾರಸಂತೆ ಕಡೆಯವನು, ಪುಸ್ತಕದ ಹುಚ್ಚಿನವನು, ಬೊಳ್ಳಪ್ಪನ ಸ್ನೇಹಿತ. ಎರಡು ವರ್ಷದ ಹಿಂದೆ ಅವನು, ದೊಡ್ಡದೇ ಕೋಗಿಲೆಯದ್ದು ಅಂತ ನೋಡಿದವರಾರು ಎಂದು ಕೇಳಿಬಿಟ್ಟ. ಬೊಳ್ಳಪ್ಪನಿಗೆ ಸಿಟ್ಟು ಬಂತು. ಮರ ಹತ್ತದವರು ಮಾತಾಡಬಾರದು ಎಂದ. ಪ್ರಸಾದ್ ಕಾಫಿ ಚೀಲಕ್ಕೆ ಗುರುತು ಹಾಕುವ ಪೆನ್ನನ್ನು ಅವನ ಕೈಗೆ ಕೊಟ್ಟ. ಈ ಸಲ ಎಸೆಯುವುದು ಬೇಡ, ದೊಡ್ಡದಕ್ಕೆ ಒಂದು ಚುಕ್ಕೆ ಇಟ್ಟು ನೋಡೋಣ ಎಂದ.

ಒಂದು ಹಾಲುವಾಣದ ಮರದ ಗೂಡಿನಲ್ಲಿ ನಾಲ್ಕು ಮೊಟ್ಟೆಗಳಿದ್ದವು. ಬೊಳ್ಳಪ್ಪ ದೊಡ್ಡದಕ್ಕೆ ಚುಕ್ಕೆ ಇಟ್ಟ. ಕೆಲಸ ಬೇರೆ ತೋಟದಲ್ಲಿದ್ದರೂ ದಿನಾ ಬೆಳಿಗ್ಗೆ ಏಣಿ ಹೊತ್ತು ಬಂದು ನೋಡಿದ. ಹನ್ನೊಂದನೆಯ ದಿನ ಗೂಡಿನಲ್ಲಿ ಕಣ್ಣು ಬಿಡದ ಒಂದೇ ಮರಿ ಇತ್ತು. ಅದು ಬೆನ್ನಿನಿಂದ ಒತ್ತಿ ಉಳಿದ ಮೂರನ್ನೂ ಹೊರಗೆ ತಳ್ಳಿತ್ತು. ಕೆಳಗೆ ಕಾಫಿ ಗಿಡದ ಬುಡದಲ್ಲಿ ಚಿಪ್ಪುಗಳು ಬಿದ್ದಿದ್ದವು. ಒಂದರ ಮೇಲೆ ಚುಕ್ಕೆಯಿತ್ತು.

ಮರಿ ಬೆಳೆದು ಕೋಗಿಲೆಯೇ ಆಯಿತು. ತಮಗಿಂತ ದೊಡ್ಡದಾದ ಅದಕ್ಕೆ ಏಳು ಹರಟೆಮಲ್ಲಗಳು ಸರದಿಯ ಮೇಲೆ ಹುಳ ತಂದುಕೊಟ್ಟವು. ಒಂದು ಗೂಡಿನಿಂದ ಎಲ್ಲವನ್ನೂ ತೀರ್ಮಾನಿಸಲಾಗದು, ಕೋಗಿಲೆಯ ಮೊಟ್ಟೆ ಸಾಮಾನ್ಯವಾಗಿ ತುಸು ದೊಡ್ಡದೇ ಇರುತ್ತದೆಂದು ಪುಸ್ತಕದಲ್ಲಿದೆ ಎಂದು ಪ್ರಸಾದ್ ಸಮಾಧಾನ ಹೇಳಿದ. ಅದು ಬೊಳ್ಳಪ್ಪನಿಗೆ ನಾಟಲಿಲ್ಲ.

"ಮೂವತ್ತು ವರ್ಷ, ರೈಟ್ರೇ. ನಾನು ಬಿಸಾಕಿದ್ದು ಯಾರ ಮೊಟ್ಟೆ?"

"ಅದು ಹರಟೆಮಲ್ಲಕ್ಕೇ ಗೊತ್ತಾಗಲ್ಲ, ಬೊಳ್ಳಪ್ಪಣ್ಣ."

"ಅದು ಬಿಸಾಕೋದಿಲ್ಲ ಅಲ್ವಾ?"

ಆಮೇಲೆ ಅವನು ಗೂಡಿಗೆ ಕೈ ಹಾಕಲಿಲ್ಲ. ಗೂಡಿದ್ದ ಕೊಂಬೆಯನ್ನೇ ಬಿಟ್ಟು, ತಲೆಗೆ ಸುತ್ತಿದ ಟವೆಲಿನಿಂದ ಒಂದು ಪಟ್ಟಿ ಹರಿದು ಅದಕ್ಕೆ ಕಟ್ಟಿ ಇಳಿಯುತ್ತಿದ್ದ. ನೆರಳು ಒಂದೇ ಸಮ ಬರುವುದಿಲ್ಲ ಎಂದು ಸಾಹುಕಾರರು ಗೊಣಗಿದರೆ, ಮರಿ ಹಾರಿದ ಮೇಲೆ ತಾನೇ ಬಂದು ಕಡಿಯುತ್ತೇನೆ ಎನ್ನುವನು. ಹಾಗೆಂದರೆ ಜೂನ್ ತಿಂಗಳ ಮಳೆಯಲ್ಲಿ, ಪಾಚಿ ಹಿಡಿದು ಜಾರುವ ಮರದಲ್ಲಿ. ಯಮುನ ಜಗಳವಾಡಿದಳು. ಅವನು ಹೋಗಿ ಕಡಿದುಕೊಟ್ಟೇ ಬಂದ. ಪೆನ್ನನ್ನು ಮಾತ್ರ ವಾಪಸ್ ಕೊಟ್ಟಿರಲಿಲ್ಲ. ಅವನು ತೀರಿಕೊಂಡ ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ಯಮುನ ಅದನ್ನು ಪ್ರಸಾದನಿಗೆ ತಂದುಕೊಟ್ಟಳು.

ಆ ಮಂಗಳವಾರ ಮತ್ತೊಂದು ಹಾಲುವಾಣದಲ್ಲಿ ಗೂಡು ಸಿಕ್ಕಿತು. ಬೊಳ್ಳಪ್ಪ ಏಣಿಯ ಮೇಲೆ ಬಹಳ ಹೊತ್ತು ನಿಂತಿದ್ದ. ಹಾಜರಿ ಬರೆಯಲು ಬಂದ ಪ್ರಸಾದ್ ಕೆಳಗಿನಿಂದ ನೋಡುತ್ತಿದ್ದ.

"ನಾಲ್ಕು ಉಂಟು, ರೈಟ್ರೇ. ಒಂದು ದೊಡ್ಡದು," ಎಂದ ಬೊಳ್ಳಪ್ಪ. ಟವೆಲಿನ ಪಟ್ಟಿ ಹರಿದು ಕೊಂಬೆಗೆ ಕಟ್ಟಿದ. ಮೈ ಬೆವರಿತ್ತು. ಒಂದೊಂದೇ ಮೆಟ್ಟಿಲು ನಿಧಾನವಾಗಿ ಇಳಿದ.

ಅಷ್ಟರಲ್ಲಿ ಕೋಗಿಲೆ ಕೂಗಿತು. ಚಲುವಮ್ಮ, ಕೇಳಿಸ್ತಾ ಅಣ್ಣ, ಚಾ ಬಂದದೆ ಎಂದು ಕರೆದಳು. ಬಂದೆ ಎಂದ. ಆದರೆ ಏಣಿ ಅಲ್ಲೇ ಇದ್ದರೆ ಇನ್ಯಾರಾದರೂ ಹತ್ತಿಯಾರು ಅನ್ನಿಸಿರಬೇಕು. ಅದನ್ನು ಮರದಿಂದ ತೆಗೆದು, ಮೂರು ಸಾಲು ಆಚೆಗೆ ಹೊತ್ತೊಯ್ದು, ಸದ್ದಾಗದಂತೆ ನೆಲದ ಮೇಲೆ ಮಲಗಿಸಿದ.